ಕೆಮ್ಮುತ್ತಿದ್ದ ಸೂರಪೆಟ್ಟಿಗೆ

ಆಗೆಲ್ಲ ನಮ್ಮ ಶಹಾಬಾದದಲ್ಲಿ ಮಳೆಗಾಲ ಬಂತೆಂದು ಹೇಳುತ್ತಿದ್ದುದು ಅಂಗಳದ ಬೇವಿನ ಮರ. ವರ್ಷದ ಉಳಿದ ದಿನಗಳಲ್ಲಿ ಅದು ಬೆಳ್ಳಗಿರುತ್ತಿತ್ತು. ಖಣಿಯ ದೂಳು, ಕಲ್ಲು ಕೊಯ್ಯುವ ಮಷೀನಿನ ದೂಳು, ಸಿಮೆಂಟಿನ ದೂಳು ಎಲ್ಲ ಸೇರಿ ಎಲೆಗಳ ಮೇಲೆ ಜೋಳದ ಹಿಟ್ಟು ಚೆಲ್ಲಿದಂತೆ ಕೂತಿರುತ್ತಿದ್ದವು. ಮೊದಲ ದೊಡ್ಡ ಮಳೆ ಹೊಡೆದು ನಿಂತ ಮೇಲೆ ನೋಡಿದರೆ ಮರಕ್ಕೆ ಮರವೇ ಹಸಿರು. ಒದ್ದೆ ಸುಣ್ಣದ ವಾಸನೆ ಓಣಿಯ ತುಂಬ. ನಾವು ಹುಡುಗಿಯರು, ಮರ ಈಗಷ್ಟೇ ಹುಟ್ಟಿತೇನೋ ಎನ್ನುವಂತೆ ಅದರ ಕೆಳಗೆ ಕುಣಿಯುತ್ತಿದ್ದೆವು. ನೀವೂ ಆ ಕಡೆಯವರಾದರೆ ಈ ಮಾತಿಗೆ ಈಗ ತಲೆಯಾಡಿಸುತ್ತಿರುತ್ತೀರಿ. ನನಗಂತೂ ಮೊಮ್ಮಕ್ಕಳನ್ನು ಕಂಡ ಮೇಲೆ ಹಳೆಯದೆಲ್ಲ ಹಾಲು ಉಕ್ಕಿದ ಹಾಗೆ ಉಕ್ಕಿ ಬರುತ್ತದೆ, ಪಾತ್ರೆ ಇಳಿಸುವುದರೊಳಗೆ ಸುರಿದೇ ಹೋಗುತ್ತದೆ. ಅದಕ್ಕೆ ಹೇಳಿಯೇ ಬಿಡುತ್ತೇನೆ.

ಕಲ್ಲು ಪಾಲಿಶ್ ಮಾಡುವ ಅಂಗಳವೇ ನಮ್ಮ ಆಟದ ಬಯಲು. ತಿಕ್ಕಿ ನುಣುಪು ಮಾಡಿದ ಪರಸಿ ಕಲ್ಲಿನ ಹಾಸುಗಳನ್ನು ಅಲ್ಲಿ ಗೋಡೆಗೆ ಓರೆಯಾಗಿ ಆನಿಸಿ ಇಟ್ಟಿರುತ್ತಿದ್ದರು. ಓಡಿ ಬಂದು ಅವನ್ನು ಹತ್ತುವುದು ನಮ್ಮ ಪಂದ್ಯ. ಬರಿಗಾಲಲ್ಲಿ ಹತ್ತಿದರೆ ನಡುವೆಯೇ ಜಾರಿ ಗದ್ದ ಕೆತ್ತಿಸಿಕೊಳ್ಳಬೇಕು. ಅದಕ್ಕೆ ಕಲ್ಲು ತಿಕ್ಕಲು ಇಟ್ಟ ಕರಿ ಪುಡಿಯನ್ನು ಚಿಟಿಕೆಯಷ್ಟು ಕದ್ದು, ಉಗುಳಲ್ಲಿ ಕಲಸಿ ಅಂಗಾಲಿಗೆ ಬಳಿದುಕೊಳ್ಳುತ್ತಿದ್ದೆವು. ಸಕ್ಕರೆಯಂತೆ ಹರಳು ಹರಳು, ಆದರೆ ಚೂಪು. ಬಳಿದುಕೊಂಡ ಕಾಲು ಹಲ್ಲಿಯ ಕಾಲಿನಂತೆ ಕಲ್ಲಿಗೆ ಅಂಟುತ್ತಿತ್ತು. ಅಂಗಾಲು ಕೆಂಪಾಗಿ ಮನೆಗೆ ಬಂದರೆ ನೀಲಮ್ಮತ್ತಿ ಬೈಯುತ್ತ ಶೇಂಗಾ ಎಣ್ಣೆ ಸವರುತ್ತಿದ್ದಳು, ಬೈಯುತ್ತಲೇ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದಳು.

ನೀಲಮ್ಮತ್ತಿ ಎಂದರೆ ನಮ್ಮಪ್ಪನ ಅಕ್ಕ. ಅವಳ ಗಂಡ ಬಸಣ್ಣ ಮಾಮ. ಇಬ್ಬರಿಗೂ ಮಕ್ಕಳಿರಲಿಲ್ಲ. ಅವರ ಕೋಣೆ ನಮ್ಮ ಪಡಸಾಲೆಗೆ ಹೊಂದಿಕೊಂಡೇ ಇತ್ತು, ಹಾಗಾಗಿ ನಾನು ಅರ್ಧ ಅವರ ಮಗಳೇ. ಗಂಡ ಹೆಂಡತಿ ಇಬ್ಬರೂ ಆ ಪಾಲಿಶ್ ಅಂಗಳದಲ್ಲೇ ದುಡಿಯುತ್ತಿದ್ದರು. ಮಾಮ ಹಗಲೆಲ್ಲ ಕಲ್ಲು ತಿಕ್ಕುವನು, ಸಂಜೆ ಭಜನೆಯಲ್ಲಿ ವಚನ ಹಾಡುವನು. ಅವನ ದನಿ ಕೇಳಿದರೆ ಓಣಿಯ ನಾಯಿ ಕೂಡ ಕಾಲು ಚಾಚಿ ಮಲಗುತ್ತಿತ್ತು. ಆದರೆ ಎದೆಯೊಳಗೆ ಕಲ್ಲಿನ ದೂಳು ಕೂತು ಬರಬರುತ್ತ ಉಸಿರು ಕಡಿಮೆಯಾಯಿತು. ಆಗ ಅವನು ಕಲಬುರಗಿಯಿಂದ ಒಂದು ಕರೆಂಟಿನ ಸೂರಪೆಟ್ಟಿಗೆ ತಂದ. ಹಾಡುವವರ ಹಿಂದೆ ಒಂದೇ ಸ್ವರ ಹಿಡಿದು ನಿಲ್ಲುವ ಪೆಟ್ಟಿಗೆ ಅದು. ಹಳೆಯದಕ್ಕೆ ತಿದಿ ಇತ್ತು, ಯಾರಾದರೂ ಒತ್ತುತ್ತಲೇ ಇರಬೇಕು. ಇದಕ್ಕೆ ತಿದಿ ಇಲ್ಲ. ರೇಡಿಯೋದಷ್ಟು ದೊಡ್ಡ ಕಟ್ಟಿಗೆಯ ಮೈ, ಮುಂದೆ ಎರಡು ಗುಂಡಿ: ಒಂದು ಕರೆಂಟಿನದು, ಒಂದು ಸ್ವರದ್ದು. ಕರೆಂಟು ಹೋದರೆ ಸೆಲ್ ಹಾಕಿದರೂ ನಡೆಯುತ್ತಿತ್ತು.

"ಇದಕ್ಕ ಉಸಿರೇ ಬೇಕಾಗಿಲ್ಲ ನೋಡ ಸಂಗೀ," ಎಂದು ಮಾಮ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಂಡಿ ತಿರುಗಿಸಿದ್ದ. "ನಾ ದಣಿದ್ರೂ ಇದು ದಣಿಯಂಗಿಲ್ಲ."

ದಿನಾ ಸಂಜೆ ಹಾಡುವ ಮುಂಚೆ ಅವನು ಕೆಮ್ಮುತ್ತಿದ್ದ. ಮೊದಲೊಂದು ಸಣ್ಣದು, ಹಿಂದೆ ಒಂದು ಉದ್ದದ್ದು, ಕೊನೆಗೆ ಗಂಟಲು ಕೆರೆದಂಥ ಸದ್ದು. ಅದು ಕೇಳಿದರೆ ಭಜನೆ ಶುರುವಾಯಿತೆಂದೇ ಅರ್ಥ, ಹೊರಗೆ ಬೀಡಿ ಸೇದುತ್ತಿದ್ದವರು ಒಳಗೆ ಬಂದು ಕೂರುತ್ತಿದ್ದರು.

ಒಂದು ವರ್ಷ ಬಿಸಿಲುಗಾಲದಲ್ಲಿ ಮಾಮ ತೀರಿಕೊಂಡ. ಅತ್ತಿ ಆಗ ಕೆಲಸಕ್ಕೆ ಹೋಗಿದ್ದಳು. ಯಾರೋ ಓಡಿ ಹೋಗಿ ಕರೆತರುವಷ್ಟರಲ್ಲಿ ಅವನ ಮಾತು ನಿಂತಿತ್ತು. ಬಾಯಿ ಆಡುತ್ತಿತ್ತಂತೆ, ದನಿ ಇರಲಿಲ್ಲವಂತೆ. ಅವನು ಏನು ಹೇಳಲು ಹೊರಟಿದ್ದ ಎಂಬುದೊಂದೇ ಅತ್ತಿಗೆ ಆಮೇಲೆ ಉಳಿದ ಚಿಂತೆ. ಹಿಟ್ಟು ನಾದುತ್ತ ನಡುವೆ ಕೈ ನಿಲ್ಲಿಸಿ ಗೋಡೆ ನೋಡುತ್ತಿದ್ದಳು.

ಶ್ರಾವಣ ಬಂತು. ದಿನಕ್ಕೊಂದು ಮನೆಯಂತೆ ಸಂಜೆ ಭಜನೆ ಸೇರುವುದು ನಮ್ಮ ಓಣಿಯ ರೂಢಿ. ಮೊದಲ ಸೋಮವಾರ ನಮ್ಮ ಮನೆಯದು. ಆದರೆ ಮಾಮ ಹೋದಂದಿನಿಂದ ಮುಟ್ಟದೆ ಇಟ್ಟಿದ್ದ ಪೆಟ್ಟಿಗೆ ಗುಂಡಿ ತಿರುಗಿಸಿದರೆ ಉಸಿರೇ ಬಿಡಲೊಲ್ಲದು. ಅತ್ತಿ ಮನೆಯಲ್ಲಿಲ್ಲದ ಹೊತ್ತು, ಅಪ್ಪ ತಾನೇ ನೋಡುತ್ತೇನೆಂದು ಕೂತ.

ಅಪ್ಪ ಖಣಿಯಲ್ಲಿ ಕಲ್ಲು ಸೀಳುವವನು. ಆನೆಯಷ್ಟು ಬಂಡೆಯನ್ನು ಎರಡು ಪದರ ಮಾಡಿ ತೆಗೆಯುತ್ತಿದ್ದ. ಸಿಕ್ಕಿಹಾಕಿಕೊಂಡ ಯಾವುದಕ್ಕೂ ಅವನಿಗೆ ಗೊತ್ತಿದ್ದ ಔಷಧ ಒಂದೇ, ಪೆಟ್ಟು. ಮೊದಲು ಅಡುಗೆಯ ಚಾಕು ಹಾಕಿದ, ಚಾಕುವಿನ ಮೊನೆ ಮುರಿಯಿತು. ಆಮೇಲೆ ಉಳಿ ತಂದು ಸ್ಕ್ರೂವಿನ ತಲೆಯ ಅಂಚಿಗೆ ಇಟ್ಟು, ಬಂಡೆಗೆ ಬೆಣೆ ಹೊಡೆಯುವಂತೆ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ತಿರುಗಿಸಿದ. ಸ್ಕ್ರೂಗಳು ಬಂದವು, ಬರುವಾಗ ತಲೆ ಹರಿದುಕೊಂಡು ಬಂದವು. ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು, ಒಂದು ತಂತಿ ಕಳಚಿತ್ತು. ಅದನ್ನು ಒಳಗಿನ ತಗಡಿನ ಸ್ಕ್ರೂವಿಗೆ ಸುತ್ತಿ, ಬೆರಳಲ್ಲೇ ತಿರುವಿ, ಮುಚ್ಚಳ ಮುಚ್ಚಿ, ಮತ್ತೆ ಕುಟ್ಟಿ ಕೂರಿಸಿದ. ಗುಂಡಿ ತಿರುಗಿಸಿದರೆ ಸ್ವರ ಬಂತು. ಅವ್ವ ಖುಷಿಯಿಂದ ಎಲ್ಲರ ಬಾಯಿಗೆ ಬೆಲ್ಲ ಹಾಕಿದಳು.

ಅತ್ತಿ ಬಂದವಳೇ ಪೆಟ್ಟಿಗೆಯನ್ನು ಬೋರಲು ಮಾಡಿ ನೋಡಿದಳು. ಹರಿದ ಸ್ಕ್ರೂಗಳ ಮೇಲೆ ಬೆರಳಾಡಿಸಿದಳು. ಎದ್ದಿದ್ದ ಕಬ್ಬಿಣದ ಸಿಬಿರು ಚುಚ್ಚಿ ಬೆರಳ ತುದಿಯಲ್ಲಿ ರಕ್ತ ಜಿನುಗಿತು.

"ತಮ್ಮಾ, ಇದು ಕಲ್ಲಲ್ಲೋ," ಅಂದಳು. ಅಪ್ಪ ಉಳಿ ಎತ್ತಿಕೊಂಡು ಹೊರಗೆ ಹೋದ.

ಆ ಸಂಜೆ ಮನೆ ತುಂಬ ಜನ. ತಬಲಾ ನುಡಿಸುವ ಗುರುಪಾದಪ್ಪ ಕಾಕಾ ಭಜನೆಗೆ ಹಿರಿಯ, ಮಾಮನ ಜಾಗದಲ್ಲಿ ಅವನೇ ಹಾಡು ಎತ್ತಿಕೊಂಡ. ಕೊನೆಯ ವಚನ ಮುಗಿಯಿತು, ಬೆಲ್ಲದ ಜೊತೆ ಹುರಿದ ಕಡಲೆ, ಪುಠಾಣಿ, ಹಂಚುವ ಹೊತ್ತು. ಯಾರೋ ಸ್ವರದ ಗುಂಡಿ ಇಳಿಸಿದರು, ಕರೆಂಟಿನ ಗುಂಡಿ ಹಾಗೇ ಇತ್ತು. ಹೊರಗೆ ಜಿಟಿಜಿಟಿ ಮಳೆ. ಒಳಗೆ ಒಂದು ಗಳಿಗೆ ಸದ್ದಡಗಿತು.

ಆಗ ಪೆಟ್ಟಿಗೆ ಕೆಮ್ಮಿತು. ಮೊದಲೊಂದು ಸಣ್ಣದು, ಹಿಂದೆ ಒಂದು ಉದ್ದದ್ದು, ಕೊನೆಗೆ ಗಂಟಲು ಕೆರೆದಂಥ ಸದ್ದು.

ನನ್ನ ಬಾಯಲ್ಲಿ ಪುಠಾಣಿ ಇತ್ತು, ಅಗಿದರೆ ಸದ್ದಾದೀತೆಂದು ಅಗಿಯಲಿಲ್ಲ. ಒಲೆಯ ಮುಂದೆ ಕೂತಿದ್ದ ಅತ್ತಿ ಮೆಲ್ಲಗೆ ಎದ್ದು ಬಾಗಿಲಿಗೆ ಬಂದು ತಲೆಯ ಮೇಲೆ ಸೆರಗು ಹೊದ್ದಳು. ಮಾಮ ಕೆಲಸದಿಂದ ಬಂದಾಗ ಹೊದೆಯುತ್ತಿದ್ದಳಲ್ಲ, ಹಾಗೆಯೇ. ನನಗೆ ಕೆಮ್ಮಿಗಿಂತ ಆ ಸೆರಗು ಕಂಡು ಮೈ ಜುಂ ಎಂದಿತು.

ಮೊದಲು ಎದ್ದವನು ಓಣಿಯಲ್ಲೇ ಗಟ್ಟಿ ಗುಂಡಿಗೆಯವನೆಂದು ಹೆಸರಾದವನು. ಎಮ್ಮೆ ಹಿಂಡಬೇಕು ಎಂದು ಹೇಳಿ ಹೋದ. ಅವನ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಅವನ ಹಿಂದೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡರು.

ಮರುದಿನ ಹಗಲೆಲ್ಲ ಪೆಟ್ಟಿಗೆ ಸುಮ್ಮನಿತ್ತು. ಸಂಜೆ ಕಾರ್ಖಾನೆಯ ಭೋಂಗಾ ಕೂಗಿತು, ಅತ್ತಿ ದೀಪ ಹಚ್ಚಿದಳು, ಪೆಟ್ಟಿಗೆಯ ಕರೆಂಟಿನ ಗುಂಡಿ ಒಂದನ್ನೇ ತಿರುಗಿಸಿ ಮುಂದೆ ಕೂತಳು. ಕೆಮ್ಮು ಬಂತು. ಕೆಮ್ಮಿನ ಹಿಂದೆ ಒಂದು ದನಿಯೂ ಬಂತು. ಬಾವಿಯ ತಳದಲ್ಲಿ ನಿಂತು ಯಾರೋ ಮಾತಾಡಿದಂತೆ, ಗಂಡಸಿನ ದನಿ. ಒಂದು ಮಾತೂ ತಿಳಿಯುವುದಿಲ್ಲ. ಅಲೆ ಎದ್ದಂತೆ ಎದ್ದು, ಮುಳುಗಿ, ಮತ್ತೆ ಏಳುತ್ತಿತ್ತು. ಅತ್ತಿ ಮೊಣಕಾಲು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತವಳು ಏಳಲೇ ಇಲ್ಲ.

ನಮ್ಮ ಮನೆಯ ನೆಲ, ಗೋಡೆ, ಮಾಡು ಎಲ್ಲ ಪರಸಿಯವೇ. ಪೆಟ್ಟಿಗೆ ಇದ್ದುದು ಗೋಡೆಯಿಂದ ಹೊರಚಾಚಿದ ಕಲ್ಲಿನ ಹಲಗೆಯ ಮೇಲೆ. ಪಕ್ಕದ ಕೋಣೆಯಲ್ಲಿ ನಾನು ನೆಲಕ್ಕೆ ಕಿವಿ ಇಟ್ಟು ಮಲಗಿದರೆ ಆ ದನಿ ಕಲ್ಲಿನೊಳಗಿಂದ ಬರುತ್ತಿತ್ತು. ಕೆನ್ನೆಯ ಕೆಳಗೆ ತಣ್ಣನೆಯ ಕಲ್ಲು ಸಣ್ಣಗೆ ನಡುಗುತ್ತಿತ್ತು. ಮಾಮ ನೆಲದ ಕೆಳಗೆ ಕೂತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಕೂತವನು ಮಾತಾಡದೆ ಎಷ್ಟು ದಿನ ಇದ್ದಾನು ಎಂಬುದು ನನ್ನ ಲೆಕ್ಕ. ಹೆದರಿಕೆಯೂ ಆಗುತ್ತಿತ್ತು, ಕಿವಿ ತೆಗೆಯಲೂ ಮನಸ್ಸಾಗುತ್ತಿರಲಿಲ್ಲ.

ಸುದ್ದಿ ಹಬ್ಬಿತು. ನಮ್ಮ ಮನೆಯ ಮುಂದೆ ಹಾಯುವವರು ಆ ಕಡೆಯ ಗೋಡೆ ಹಿಡಿದು ಹಾಯತೊಡಗಿದರು. ನನ್ನ ಜೊತೆ ಆಡುತ್ತಿದ್ದ ಹುಡುಗಿಯರು ಸಂಜೆಯಾದರೆ ನನ್ನ ಕೈ ಬಿಟ್ಟು ಓಡುತ್ತಿದ್ದರು. ಕೊನೆಗೆ ಗುರುಪಾದಪ್ಪ ಕಾಕಾ ಹಿರಿಯರನ್ನು ಕರೆದುಕೊಂಡು ಬಂದ.

"ನೀಲಮ್ಮಾ, ಬಸಣ್ಣ ನನಗೂ ತಮ್ಮನಂಗ ಇದ್ದ," ಅಂದ. "ಹೋದವರನ್ನ ಹಿಂಗ ಕಟ್ಟಿ ಹಾಕ್ಬಾರ್ದವ್ವ. ಪೆಟಗಿ ಹಳೇ ಖಣಿ ನೀರಿಗೆ ಬಿಡೋಣು. ಅಮಾಸಿ ದಿನ ನಾವೇ ಬಂದು ಒಯ್ತೀವಿ."

ಅತ್ತಿ ತಲೆ ಎತ್ತಲಿಲ್ಲ. "ನೀರಾಗ ಬಿಟ್ರ ಅಲ್ಲಿ ಕೆಮ್ಮಂಗಿಲ್ಲೇನ್ರಿ ಕಾಕಾ?" ಎಂದು ಕೇಳಿದಳು.

ಆದರೆ ಮಾತು ಆಗಿಹೋಗಿತ್ತು, ಅಪ್ಪನೂ ಹೂಂ ಅಂದಿದ್ದ. ಹಳೇ ಖಣಿ ಎಂದರೆ ಊರ ಹಿಂದಿನ ಕೆಲಸ ನಿಂತ ಹೊಂಡ. ಅದರಲ್ಲಿ ಹಸಿರು ನೀರು ತುಂಬಿಕೊಂಡಿತ್ತು, ಆಳ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಪೆಟ್ಟಿಗೆ ಮುಳುಗುವುದನ್ನು ನಾನು ಮನಸ್ಸಿನಲ್ಲಿ ನೆನೆದು ನೆನೆದು ಅನ್ನ ಬಿಟ್ಟೆ.

ಅತ್ತಿ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ಅವ್ರು ಏನೋ ಹೇಳ್ಲಿಕತ್ತಾರ ಸಂಗೀ. ಒಳಗ ಏನೋ ಅಡ್ಡ ಆಗ್ಯದ, ಮಾತು ಹೊರಗ ಬರವಲ್ದು. ಅಮಾಸಿಯೊಳಗ ನಾ ತೆಗೆದು ನೋಡ್ಬೇಕು. ಮುಚ್ಚಳ ಒಡೆದು ಅಲ್ಲ. ಒಡೆದ್ರ ಅವ್ರ ಪೆಟಗಿನೇ ಹೋಗ್ತದ."

ಪೇಟೆಯಿಂದ ಒಂದು ಸ್ಕ್ರೂಡ್ರೈವರ್ ತಂದಳು. ಅದರ ಬಾಯಿ ತೆಳ್ಳಗಿತ್ತು. ಸ್ಕ್ರೂವಿನ ತಲೆಯ ಮೇಲಿನ ಕಚ್ಚಿನಲ್ಲಿಟ್ಟು ತಿರುಗಿಸುತ್ತಲೇ ಸರ್ ಎಂದು ಜಾರಿ ಇನ್ನೊಂದು ಗೀರು ಎಳೆಯಿತು. ಅತ್ತಿ ಅಲ್ಲಿಗೇ ಕೈ ಬಿಟ್ಟಳು. ನಾನಾಗಿದ್ದರೆ ಮತ್ತೆ ಮತ್ತೆ ತಿರುಗಿಸುತ್ತಿದ್ದೆ. ಒಮ್ಮೆ ಜಾರಿದ ಮೇಲೆ ಅದೇ ಕೈಯಲ್ಲಿ ಮತ್ತೆ ತಿರುಗಿಸಬಾರದು, ಉಳಿದ ಕಚ್ಚೂ ಸವೆದು ತಲೆ ಬೋಳಾಗುತ್ತದೆ, ಬೋಳಾದರೆ ಮುಂದೆ ಉಳಿಯೇ ಗತಿ ಎಂದು ಅವಳಿಗೆ ಹೇಗೆ ತಿಳಿಯಿತೋ. ಕಸಬರಿಗೆಯ ಕಡ್ಡಿಯ ತುದಿಯಿಂದ ಒಂದೊಂದು ಸ್ಕ್ರೂವಿನ ಬುಡಕ್ಕೂ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಟ್ಟಿಗೆಯನ್ನು ಬೋರಲಾಗಿಯೇ ಮರುದಿನದವರೆಗೆ ಇಟ್ಟಳು.

ಆಮೇಲೆ ಅಪ್ಪನ ಒಂದು ಸಣ್ಣ ಹಳೇ ಉಳಿಯನ್ನು ಪಾಲಿಶ್ ಅಂಗಳಕ್ಕೆ ಒಯ್ದು ಮಷೀನಿನ ಮೇಲೆ ತಿಕ್ಕತೊಡಗಿದಳು. ತಿಕ್ಕುವುದು, ನೀರಲ್ಲಿ ಅದ್ದುವುದು, ಕಣ್ಣಿಗೆ ಹಿಡಿದು ನೋಡುವುದು. ಮನೆಗೆ ತಂದು ಕಚ್ಚಿನಲ್ಲಿ ನಿಲ್ಲಿಸುವಳು, ಸಡಿಲೆನ್ನಿಸಿದರೆ ಮತ್ತೆ ಹೋಗುವಳು. ಕಚ್ಚಿನ ಅಗಲಕ್ಕೆ ಅಗಲ, ದಪ್ಪಕ್ಕೆ ದಪ್ಪ ಕೂರಬೇಕು, ಕೈ ಬಿಟ್ಟರೂ ಬೀಳದೆ ನೆಟ್ಟಗೆ ನಿಲ್ಲಬೇಕು, ಆಗ ಮಾತ್ರ ತಿರುಗಿಸಬೇಕು ಎನ್ನುವುದು ಅವಳ ಹಟ. ಹಾಗೆ ನಿಂತ ದಿನ ಅವಳ ಮುಖದಲ್ಲಿ ಬಿಸಿಲುಗಾಲದ ನಂತರ ಮೊದಲ ಸಲ ನಗೆ ಕಂಡೆ.

ಮೈಭಾರವನ್ನೆಲ್ಲ ಉಳಿಯ ಮೇಲೆ ಹಾಕಿ ಒತ್ತಿ, ಮೊದಲು ಬಿಗಿಯಾಗುವ ಕಡೆಗೇ ಒಂದು ಕೂದಲೆಳೆಯಷ್ಟು ತಿರುಗಿಸುವಳು. ಟಿಕ್ ಎನ್ನುತ್ತಿತ್ತು. ಆಮೇಲೆ ಬಿಚ್ಚುವ ಕಡೆಗೆ. ಒಂದೊಂದಾಗಿ ಬಂದವು. ಬಂದದ್ದನ್ನು ಬಂದ ಮೂಲೆಯ ಪಕ್ಕದಲ್ಲೇ ನೆಲದ ಮೇಲೆ ನಿಲ್ಲಿಸಿದಳು. ಕೊನೆಗೆ ಒಂದು ಉಳಿಯಿತು. ಅಪ್ಪನ ಸುತ್ತಿಗೆ ತಿಂದು ಅದಕ್ಕೆ ಕಚ್ಚೇ ಇರಲಿಲ್ಲ, ಬರೀ ಒಂದು ತಗ್ಗು. ಉಳಿ ಅದರ ಮೇಲೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಅತ್ತಿ ಹಣೆಗೆ ಕೈ ಇಟ್ಟುಕೊಂಡಳು. ಮರುದಿನವೇ ಅಮಾವಾಸ್ಯೆ.

ನನಗೆ ನನ್ನ ಅಂಗಾಲು ನೆನಪಾಯಿತು. "ಅತ್ತೀ, ನಾವು ಕಾಲಿಗೆ ಹಚ್ಕೊಳ್ಳೋ ಪುಡಿ ಹಚ್ಚಿ ನೋಡು," ಅಂದೆ. ಅವಳು ನನ್ನನ್ನೇ ನೋಡಿದಳು. ನಾನು ಓಡಿ ಹೋಗಿ ಮುಷ್ಟಿಯಲ್ಲಿ ತಂದೆ. ಎಣ್ಣೆ ಒರೆಸಿ, ಪುಡಿಯನ್ನು ಒಂದಿಷ್ಟು ನೀರಲ್ಲಿ ಕಲಸಿ ಉಳಿಯ ಬಾಯಿಗೆ ಮೆತ್ತಿದೆವು. ಇಟ್ಟರೆ ಕಚ್ಚಿ ಹಿಡಿಯಿತು. ಆದರೆ ಸ್ಕ್ರೂ ಅಲುಗಲೊಲ್ಲದು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಆಗ ಒಳಗೆ ಬಂದು ಕುಕ್ಕರುಗಾಲಲ್ಲಿ ಕೂತ. ಅತ್ತಿ ಹಿಡಿದಿದ್ದ ಉಳಿಯ ಹಿಂಬದಿಗೆ ಸಣ್ಣ ಸುತ್ತಿಗೆಯಿಂದ, ನೊಣ ಹೊಡೆದಷ್ಟೇ ಮೆಲ್ಲಗೆ, ಬಡಿದು ಬಡಿದು ಕಿವಿಗೊಟ್ಟು ಕೇಳಿದ. ಬಂಡೆಯ ಪದರ ಎಲ್ಲಿದೆ ಎಂದು ಅವನು ಕೇಳುತ್ತಿದ್ದುದೂ ಹಾಗೆಯೇ. ಸದ್ದು ಮೊದಲು ಮಂದವಾಗಿತ್ತು, ಬರಬರುತ್ತ ಒಂದಿಷ್ಟು ಗಣ್ ಎಂದಿತು.

"ಈಗ ತಿರುವು ಅಕ್ಕಾ," ಅಂದ. ಆಮೇಲೆ ನೆಲ ನೋಡುತ್ತ, "ಅವತ್ತೂ ಹಿಂಗ ಬಡದು ಕೇಳ್ಬೇಕಿತ್ತು," ಅಂದ.

ಟಿಕ್ ಎಂದಿತು. ಬಂತು.

ಮುಚ್ಚಳ ಎತ್ತಿದರೆ ಒಳಗೆಲ್ಲ ಬಿಳಿ ದೂಳು. ಬೀದಿಯ ದೂಳಲ್ಲ, ವಿಭೂತಿಯಷ್ಟು ನಯವಾದ ಕಲ್ಲಿನ ದೂಳು. ಮಾಮ ಕೆಲಸದ ಅಂಗಿಯಲ್ಲೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದನಲ್ಲ, ಅವನ ಮೈಯಿಂದ ಉದುರಿದ್ದು. ಅವನನ್ನು ಒಯ್ದದ್ದೂ ಅದೇ. ಅತ್ತಿ ಬೆರಳಲ್ಲಿ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡಳು, ನನ್ನ ಹಣೆಗೂ ಹಚ್ಚಿದಳು. ಮಳೆಗಾಲದ ಮನೆಯಲ್ಲೂ ಅದು ಹಣೆಯ ಮೇಲೆ ತಣ್ಣಗೆ ಕೊರೆಯಿತು.

ನಡುವೆ ತಗಡಿನ ಮೇಲೆ ಅಪ್ಪ ಬೆರಳಲ್ಲಿ ತಿರುವಿದ್ದ ಆ ಸ್ಕ್ರೂ ಇತ್ತು. ಹಸಿರು ತುಕ್ಕು ಹಿಡಿದು ಅರ್ಧ ಮೇಲೆದ್ದು ನಿಂತಿತ್ತು, ಸುತ್ತಿದ ತಂತಿ ಅದರ ಕೆಳಗೆ ಅಲ್ಲಾಡುತ್ತಿತ್ತು. ಅತ್ತಿ ಕರೆಂಟಿನ ವೈರು ಬಿಡಿಸಿ ಸೆಲ್ ಹಾಕಿದಳು. ಭೋಂಗಾ ಕೂಗಿತು. ಅವ್ವ ದೀಪ ಹಚ್ಚಿಟ್ಟು ಹೋದಳು. ಗುಂಡಿ ತಿರುಗಿಸಿದರೆ ಕೆಮ್ಮು ಬಂತು. ಹಿಂದೆ ಆ ದನಿ. ಅತ್ತಿ ಹಸಿರು ಸ್ಕ್ರೂವಿನ ಮೇಲೆ ಬೆರಳಿಟ್ಟಳು.

ದನಿ ಬಾವಿಯ ತಳದಿಂದ ಒಂದೇ ಜಿಗಿತಕ್ಕೆ ಮೇಲೆ ಬಂತು. ನಮ್ಮ ನಡುವೆಯೇ ಒಬ್ಬ ಗಂಡಸು ಕೂತು ಮಾತಾಡಿದಂತೆ. ನಾನು ಅಪ್ಪನ ಅಂಗಿ ಹಿಡಿದುಕೊಂಡೆ. ಅದು ಕನ್ನಡವಲ್ಲ. ತೆಲುಗಲ್ಲ, ಉರ್ದುವಲ್ಲ, ಮರಾಠಿಯಲ್ಲ, ಅವೆಲ್ಲ ನಮ್ಮ ಓಣಿಯಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತುಗಳು. ಯಾವ ದೇಶದ್ದೋ ಏನೋ. ಉದ್ದುದ್ದದ ಮಾತು, ನಡುವೆ ತಡೆಯೇ ಇಲ್ಲ.

ಅತ್ತಿ ಕಣ್ಣು ಮುಚ್ಚಿ ಕೇಳಿದಳು. ಬೆರಳು ತೆಗೆಯದೆ ಹೇಳಿದಳು: "ಈ ಎದಿಯೊಳಗ ದೂಳಿಲ್ಲ. ಒಂದೇ ಉಸಿರಿಗೆ ಎಷ್ಟುದ್ದ ಮಾತಾಡ್ಲಿಕತ್ತಾನ ನೋಡ್ರಿ. ಇವ ಯಾರೋ ಬ್ಯಾರೇ." ಬೆರಳು ತೆಗೆದಳು. ದನಿ ಮುಳುಗಿತು, ಸಣ್ಣದೊಂದು, ಉದ್ದದ್ದೊಂದು, ಕೆರೆತ. "ಮಾತು ಅವರದಲ್ಲ," ಅಂದಳು. "ಕೆಮ್ಮು ಅವರದೇ."

ಅಪ್ಪ ಕೇಳಿದ: "ಬಿಗಿ ಮಾಡ್ಲಾ ಅಕ್ಕಾ?"

"ನಾನೇ ಮಾಡ್ತೀನಿ."

ತುಕ್ಕು ಕೆರೆದು, ತಂತಿ ಸರಿಯಾಗಿ ಸುತ್ತಿ, ಉಳಿಯನ್ನು ನೆಟ್ಟಗೆ ಹಿಡಿದು ತಿರುಗಿಸಿದಳು. ಬಟ್ಟೆಯಿಂದ ದಾರ ಎಳೆದಂತೆ ಆ ದನಿ ತೆಳ್ಳಗಾಗುತ್ತ ಹೋಗಿ ನಿಂತಿತು. ಕೆಮ್ಮೂ ನಿಂತಿತು. ಒಮ್ಮೆಲೇ ಮನೆ ದೊಡ್ಡದಾದಂತೆ ಅನ್ನಿಸಿತು ನನಗೆ.

ಅಮಾವಾಸ್ಯೆಯ ದಿನ ಗುರುಪಾದಪ್ಪ ಕಾಕಾ ಹಗ್ಗ ಹಿಡಿದು ಬಂದಾಗ ಪೆಟ್ಟಿಗೆ ಕಲ್ಲಿನ ಹಲಗೆಯ ಮೇಲೆ ತಣ್ಣಗೆ ಸ್ವರ ಹಿಡಿದು ಕೂತಿತ್ತು. ಸ್ವರ ಇಳಿಸಿ ಕಿವಿ ಇಟ್ಟು ಕೇಳಿದ, ಎಷ್ಟು ಹೊತ್ತು ಕೇಳಿದರೂ ಏನಿಲ್ಲ. "ಬಸಣ್ಣ ಶಾಂತ ಆದ್ನವ್ವ," ಎಂದು ಹೇಳಿ, ಬಂದದ್ದಕ್ಕೆ ಹುಗ್ಗಿ ಉಂಡು, ಹಗ್ಗ ಅಲ್ಲೇ ಮರೆತು ಹೋದ. ಅಂದೇ ಸಂಜೆ ಶ್ರಾವಣದ ಕೊನೆಯ ಭಜನೆ ಅದೇ ಪೆಟ್ಟಿಗೆಯ ಮುಂದೆ ಆಯಿತು. ಎಮ್ಮೆಯಿಲ್ಲದವನೂ ಬಂದಿದ್ದ. ಅವ್ವ ಅವನ ಕೈಗೆ ಪುಠಾಣಿ ಹಾಕುತ್ತ, ಎಮ್ಮೆ ಹಾಲು ಕೊಡ್ತದೇನ್ರಿ ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆಮೇಲೆ ಒಂದು ಸಂಜೆ, ಜೋಳ ಬಿತ್ತುವ ದಿನಗಳಲ್ಲಿ, ನಾನು ಆಟ ಬಿಟ್ಟು ಬೇಗ ಬಂದೆ. ಅತ್ತಿಯ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು. ಸಂದಿಯಿಂದ ನೋಡಿದರೆ ಅತ್ತಿ ನನಗೆ ಬೆನ್ನು ಮಾಡಿ ಕೂತಿದ್ದಾಳೆ, ಮುಂದೆ ಪೆಟ್ಟಿಗೆ ಬೋರಲಾಗಿ ತೆರೆದಿದೆ, ಹರಿದವುಗಳ ಬದಲು ಪೇಟೆಯಿಂದ ತಂದ ಹೊಸ ಸ್ಕ್ರೂಗಳು ತಮ್ಮ ತಮ್ಮ ಮೂಲೆಯ ಪಕ್ಕ ನಿಂತಿವೆ. ನಡುವಿನ ಸ್ಕ್ರೂವನ್ನು ಅವಳು ಅರ್ಧ ಸುತ್ತು ಸಡಿಲು ಮಾಡಿದಳು. ಗುಂಡಿ ತಿರುಗಿಸಿದಳು. ತಲೆಯ ಮೇಲೆ ಸೆರಗು ಹೊದ್ದಳು.

ಸಣ್ಣದೊಂದು. ಉದ್ದದ್ದೊಂದು.

"ಸಾಕ್ರಿ," ಅಂದಳು ಅತ್ತಿ, ಮನೆಯವರೊಡನೆ ಆಡುವ ಸಾದಾ ದನಿಯಲ್ಲಿ. "ಭಾಳ ಕೆಮ್ಮಬ್ಯಾಡ್ರಿ. ನೀರು ಕುಡೀರಿ."

ಪೆಟ್ಟಿಗೆಯ ಪಕ್ಕ ತಂಬಿಗೆ ಇಟ್ಟಿದ್ದಳು. ದೀಪದ ಬೆಳಕಿನಲ್ಲಿ ಅದರ ನೀರು ಸಣ್ಣಗೆ ನಡುಗುತ್ತಿತ್ತು.

ನನ್ನ ಕಾಲ ಸದ್ದಾಯಿತೇನೋ, ತಿರುಗಿ ನೋಡಿದಳು. ನಾಚಲಿಲ್ಲ, ಬೈಯಲೂ ಇಲ್ಲ. "ಬಾ ಸಂಗೀ, ಕುಂದ್ರು," ಅಂದಳು. ಆ ದಿನದಿಂದ ನಾನೂ ಕೂತೆ. ಹೆದರಿಕೆ ಹೋಗಲಿಲ್ಲ, ಆದರೆ ಹೆದರಿಕೆಗೆ ಒಂದು ರುಚಿ ಬಂತು. ಮುಚ್ಚುವುದನ್ನು ಅವಳು ನನಗೆ ಕಲಿಸಿದಳು. ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಹಿಂದಕ್ಕೆ ತಿರುಗಿಸು, ಟಿಕ್ ಎಂದು ತನ್ನ ದಾರಿಗೆ ಬಿದ್ದ ಮೇಲೆ ಮುಂದಕ್ಕೆ. ಬೆರಳಲ್ಲಿ ಹೋದಷ್ಟು ಬೆರಳಲ್ಲೇ ಕಳಿಸು. ಒಂದನ್ನೇ ಪೂರ್ತಿ ಬಿಗಿಯಬೇಡ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ. ತಿರುಗಿಸುವುದಕ್ಕಿಂತ ಒತ್ತುವುದು ಹೆಚ್ಚಿರಲಿ. ನಿಂತಿತು ಎಂದು ಕೈಗೆ ತಿಳಿದರೆ ಅಲ್ಲಿಗೇ ಬಿಡು.

ಇಷ್ಟು ಜೋಪಾನ ಯಾಕೆಂದು ಒಮ್ಮೆ ಕೇಳಿದೆ. "ನಾಳಿನೂ ತೆಗೀಬೇಕಲ್ಲವಾ," ಅಂದಳು.

ಸಡಿಲಾದ, ತುಕ್ಕು ಹಿಡಿದ ಸ್ಕ್ರೂ ಗಾಳಿಯಲ್ಲಿನ ರೇಡಿಯೋ ಹಿಡಿಯುತ್ತದೆ, ಯಾವುದೋ ದೂರದೇಶದ ಸ್ಟೇಷನ್ ಸಂಜೆಯಾದರೆ ಕೇಳಿಸುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ಬಲ್ಲವರು ನನಗೆ ಹೇಳಿದರು. ಇರಬಹುದು. ಕೆಮ್ಮನ್ನು ಯಾವ ಸ್ಟೇಷನ್ ಕಳಿಸುತ್ತಿತ್ತು ಎಂದು ಕೇಳಿದರೆ, ಅದು ತಂತಿ ಸರಿಯಾಗಿ ತಾಗದ ಚರಚರ ಅಂದರು. ಅದೂ ಇರಬಹುದು. ಅತ್ತಿ ಮುದುಕಿಯಾಗಿ ತೀರಿಕೊಳ್ಳುವವರೆಗೆ ಆ ಚರಚರಕ್ಕೆ ದಿನಾ ನೀರಿಟ್ಟಳು.

ಈಗ ನಾನಿರುವುದು ವಾಡಿಯಲ್ಲಿ, ಮಗನ ಮನೆಯಲ್ಲಿ. ಮೊನ್ನೆ ಮೊಮ್ಮಗಳು ಸೃಷ್ಟಿ ನುಡಿಸುವ ಸಂಗೀತದ ಕೀಬೋರ್ಡಿನ ಒಂದು ಮನೆ ಒತ್ತಿದರೆ ಮೇಲೇಳದಾಯಿತು. ಎಸೆದು ಹೊಸದು ತರೋಣ ಎಂದು ಅವರಪ್ಪ ಅಂದ. ಹುಡುಗಿ ನನ್ನ ಹತ್ತಿರ ಬಂದಳು. ನಾನು ಬರೀ ಬಾಯಲ್ಲಿ ಹೇಳಿದೆ, ಕೈ ಎಲ್ಲ ಅವಳದೇ. ಸ್ಕ್ರೂಡ್ರೈವರಿನ ಬಾಯಿಗಳನ್ನು ಒಂದೊಂದಾಗಿ ಇಟ್ಟು ನೋಡಿ, ಅಲುಗದೆ ಕೂತದ್ದನ್ನೇ ಆರಿಸಿದಳು. ಒತ್ತಿ ತಿರುಗಿಸಿದಳು. ಒಂದು ಸ್ಕ್ರೂವಿನ ತಲೆಯೂ ಮುಕ್ಕಾಗಲಿಲ್ಲ! ಒಳಗೆ ಒಂದು ಕೂದಲ ಪಿನ್ನು ಸಿಕ್ಕಿಕೊಂಡಿತ್ತು, ತೆಗೆದಳು, ಮುಚ್ಚಿದಳು, ನುಡಿಸಿದಳು. ನನಗೆ ಎಲ್ಲಿ ಕೂರಬೇಕು ಎಲ್ಲಿ ನಿಲ್ಲಬೇಕು ತಿಳಿಯಲಿಲ್ಲ. ನೆರೆಮನೆಗೆಲ್ಲ ಹೋಗಿ ಹೇಳಿ ಬಂದೆ, ಅವರಿಗೆ ಅದರಲ್ಲಿ ಏನು ದೊಡ್ಡದೆಂದು ಗೊತ್ತಾಗದಿದ್ದರೂ ನಕ್ಕರು.

ಆ ಖುಷಿಯಲ್ಲೇ ಟ್ರಂಕಿನಿಂದ ಅತ್ತಿಯ ಪೆಟ್ಟಿಗೆಯನ್ನೂ ಅವಳು ತಿಕ್ಕಿದ್ದ ಆ ಉಳಿಯನ್ನೂ ತೆಗೆದೆ. ಅದೇ ಹೊತ್ತು, ದೀಪ ಹಚ್ಚುವ ಹೊತ್ತು. ಬೋರಲು ಮಾಡಿ ಸೃಷ್ಟಿಗೆ ತೋರಿಸಿದೆ: ಅತ್ತಿ ಅಷ್ಟು ವರ್ಷ ದಿನಾ ತೆಗೆದು ಮುಚ್ಚಿದ ಸ್ಕ್ರೂಗಳು, ಕಚ್ಚುಗಳು ಅಂಗಡಿಯಿಂದ ಈಗ ತಂದಷ್ಟು ನೇರ. ತೆರೆದು, ಸೆಲ್ ಹಾಕಿ, ನಡುವಿನದನ್ನು ಅರ್ಧ ಸುತ್ತು ಸಡಿಲು ಮಾಡಿ ಗುಂಡಿ ತಿರುಗಿಸಿದೆ. ಕರೆಂಟಿನ ಗುಂಡಿಯ ಪಕ್ಕದ ಕೆಂಪು ದೀಪ ಹತ್ತಿತು. ಕಾದೆವು. ಏನೂ ಇಲ್ಲ. ಚರಚರವೂ ಇಲ್ಲ. ಸ್ಟೇಷನ್ ದಾಟುವ ಗೂಡ್ಸ್ ಗಾಡಿಯ ಸದ್ದು ಹೊರಗಿನಿಂದ ಬಂದು ಹೋಯಿತು, ಅಷ್ಟೇ.

ಆ ಕಾಲದಲ್ಲಿ ಸಂಜೆಯ ಗಾಳಿ ತುಂಬ ಯಾರ್ಯಾರೋ ಇದ್ದರು. ಈಗ ಎಲ್ಲರೂ ಫೋನಿನೊಳಗೆ ಹೋಗಿದ್ದಾರೆ. ಅದಕ್ಕೆ ಅಂಟು ಹಾಕಿ ಮುಚ್ಚಿರುತ್ತಾರೆ, ನಮ್ಮಂಥವರು ತೆಗೆಯಬಾರದೆಂದೇ ಮಾಡಿದ ವಸ್ತು. ಹೋದವರ ದನಿ ಅದರಲ್ಲಿ ಬೇಕಾದಷ್ಟಿದೆ. ಒತ್ತಿದರೆ ನಗುತ್ತಾರೆ, ಮತ್ತೆ ಒತ್ತಿದರೆ ಅದೇ ನಗು. ಅವರು ನಮ್ಮನ್ನು ಹೆದರಿಸುವುದಿಲ್ಲ. ನಾವು ಅವರಿಗೆ ಸಾಕು ಮಾಡಿ ನೀರು ಕುಡಿಯಿರಿ ಎಂದು ಹೇಳುವುದಕ್ಕೂ ಅದರಲ್ಲಿ ಜಾಗವಿಲ್ಲ.

ಸೃಷ್ಟಿ ಉಳಿ ಕೈಗೆತ್ತಿಕೊಂಡು, ಬಾಯಿಯನ್ನು ಕಚ್ಚಿನಲ್ಲಿ ನೆಟ್ಟಗೆ ನಿಲ್ಲಿಸಿ, ನನ್ನ ಮುಖ ನೋಡಿದಳು.

"ಬಿಗಿ ಮಾಡ್ಲಾ ಆಯೀ?"

"ಬ್ಯಾಡವಾ," ಅಂದೆ. "ಹಂಗೇ ಇರ್ಲಿ."